ಗೋಡೆ ಹಂಚಿಕೊಂಡ ಮನೆಗಳು: ಬೆಂಗಳೂರಿನಲ್ಲಿ ವಠಾರ, ಭಾಗದ ಮನೆ, ಜೋಡಿ ಮನೆ, ಸಾಲು ಮನೆಗಳ ನಡುವೆ ಆರಿಸುವ ಬಗೆ

ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದ್ದು. ಒಂದೇ ಬಗೆಯ ಮನೆಯನ್ನು ಒಬ್ಬ ದಲ್ಲಾಳಿ ರೋ ಹೌಸ್ ಎನ್ನುತ್ತಾರೆ, ಇನ್ನೊಬ್ಬರು ವಿಲ್ಲಾ ಎನ್ನುತ್ತಾರೆ, ಮೂರನೆಯವರು ಇಂಡಿಪೆಂಡೆಂಟ್ ಡ್ಯೂಪ್ಲೆಕ್ಸ್ ಎಂದು ಬೋರ್ಡು ಬರೆಸುತ್ತಾರೆ. ಡ್ಯೂಪ್ಲೆಕ್ಸ್ ಎಂದರೆ ಇಲ್ಲಿ ಒಂದೇ ಸಂಸಾರ ಒಳಮೆಟ್ಟಿಲು ಹಾಕಿಕೊಂಡು ಎರಡು ಅಂತಸ್ತುಗಳಲ್ಲಿ ವಾಸಿಸುವ ಮನೆ. ಅಮೆರಿಕದಲ್ಲಿ ಅದೇ ಮಾತು ಎರಡು ಸಂಸಾರಗಳಿಗೆಂದು ಕಟ್ಟಿದ ಕಟ್ಟಡವನ್ನು ಸೂಚಿಸುತ್ತದೆ. ಹೊರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ವಿವರ ಕೇಳಿ ತಂದೆತಾಯಿಗಾಗಿ ಮುಂಗಡ ಕಳಿಸುವ ಈ ಕಾಲದಲ್ಲಿ ಇಂಥ ವ್ಯತ್ಯಾಸದಿಂದ ನಿಜವಾದ ನಷ್ಟವೇ ಆಗಬಹುದು.

ಆದ್ದರಿಂದ ಹೆಸರನ್ನು ಬದಿಗಿಟ್ಟು, ಪಕ್ಕದವರೊಂದಿಗೆ ನಾವು ಏನೇನನ್ನು ಹಂಚಿಕೊಳ್ಳಲಿದ್ದೇವೆ ಎಂಬುದರಿಂದ ಮನೆಯನ್ನು ಅಳೆಯುವುದು ಲೇಸು. ಗೋಡೆ ಯಾರದು, ಅದರ ಕೆಳಗಿನ ನೆಲ ಯಾರದು, ತಲೆಯ ಮೇಲಿನ ತಾರಸಿ ಯಾರದು, ನೀರು ಯಾರ ಜಾಗದ ಮೂಲಕ ಬಂದು ಯಾರ ಜಾಗದ ಮೂಲಕ ಹೋಗುತ್ತದೆ ಎಂಬ ನಾಲ್ಕು ವಿಷಯಗಳು ತಿಳಿದರೆ ಆ ಮನೆಯಲ್ಲಿ ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತದೆಂದು ಬಹುಮಟ್ಟಿಗೆ ಊಹಿಸಬಹುದು. ಮೊಸಾಯಿಕ್ ನೆಲ, ಮಾಡ್ಯುಲರ್ ಅಡುಗೆಮನೆ, ತೇಗದ ಬಾಗಿಲುಗಳನ್ನು ಹಣವಿದ್ದಾಗ ಬದಲಾಯಿಸಿಕೊಳ್ಳಬಹುದು. ಹಂಚಿಕೆಯನ್ನು ಬದಲಾಯಿಸುವುದು ಒಬ್ಬರ ಕೈಯಲ್ಲಿರುವುದಿಲ್ಲ.

ವಠಾರ ಮತ್ತು ಪೋರ್ಷನ್

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಒಂಬತ್ತು ಸಂಸಾರಗಳು, ನಡುವೆ ಉದ್ದನೆಯ ಅಂಗಳ, ಅಂಗಳದ ಕೊನೆಯಲ್ಲಿ ಎರಡು ಕಕ್ಕಸು, ಬೆಳಗಿನ ಜಾವ ಮಾತ್ರ ಬರುತ್ತಿದ್ದ ಒಂದು ನಲ್ಲಿ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲೂ, 1898ರ ಪ್ಲೇಗಿನ ಸುಮಾರಿಗೆ ಬೆಳೆಯತೊಡಗಿದ ಬಸವನಗುಡಿ, ಮಲ್ಲೇಶ್ವರಗಳಲ್ಲೂ ನಿವೇಶನಗಳು ಉದ್ದವಾಗಿದ್ದವು. ರಸ್ತೆಯ ಕಡೆ ತಮಗಾಗಿ ಮನೆ ಕಟ್ಟಿಕೊಂಡ ಮಾಲೀಕರು ಹಿತ್ತಿಲಿನ ಉದ್ದಕ್ಕೆ ಎರಡೆರಡು ಕೋಣೆಯ ಮನೆಗಳನ್ನು ಸಾಲಾಗಿ ಎಬ್ಬಿಸಿ ಬಾಡಿಗೆಗೆ ಬಿಟ್ಟರು. ಇಂದು ಅಂಥ ಹಳೆಯ ವಠಾರಗಳು ಕೆಲವೇ ಉಳಿದಿವೆ. ಅವುಗಳ ಜಾಗದಲ್ಲಿ ಪೋರ್ಷನ್ ಎಂಬ ಹೆಸರಿನ, ಒಳಗೇ ಸ್ನಾನದ ಮನೆ ಇರುವ, ಒಂದೇ ಕಟ್ಟಡದ ಮೂರು ನಾಲ್ಕು ಬಾಡಿಗೆ ಮನೆಗಳು ಬಂದಿವೆ.

ವಠಾರವನ್ನು ಬಡತನದ ಗುರುತೆಂದು ಕಾಣುವುದು ಸರಿಯಲ್ಲ ಎಂದು ನಾನು ನಂಬುತ್ತೇನೆ. ಒಂಟಿಯಾಗಿರುವ ವಯಸ್ಸಾದವರಿಗೆ, ಇಬ್ಬರೂ ಕೆಲಸಕ್ಕೆ ಹೋಗುವ ದಂಪತಿಗಳಿಗೆ, ಹೊಸದಾಗಿ ಊರಿಗೆ ಬಂದವರಿಗೆ ಅಂಗಳದ ಕಣ್ಗಾವಲು ದೊಡ್ಡ ಆಸರೆ. ಆದರೆ ಇಲ್ಲಿ ಗೋಡೆ, ನೆಲ, ತಾರಸಿ, ನೀರು ಎಲ್ಲವೂ ಮಾಲೀಕರದ್ದೇ ಆದ್ದರಿಂದ ಬಾಡಿಗೆದಾರರ ರಕ್ಷಣೆ ಬಹುಮಟ್ಟಿಗೆ ಕರಾರು ಪತ್ರದ ಮೇಲೆ ನಿಂತಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಕಾನೂನಿನ ಪ್ರಕಾರ ನೋಂದಾಯಿಸಲೇಬೇಕು. ಊರಲ್ಲೆಲ್ಲ 11 ತಿಂಗಳ ಕರಾರು ರೂಢಿಗೆ ಬಂದಿರುವುದಕ್ಕೆ ಇದೇ ಕಾರಣ. ಬಾಡಿಗೆಯಿಲ್ಲದೆ ಹತ್ತು ಹದಿನೈದು ಲಕ್ಷ ಕೊಟ್ಟು ಮೂರು ವರ್ಷ ಇರುವ ಭೋಗ್ಯದ ಮನೆಗೂ ಈ ನಿಯಮ ಅನ್ವಯಿಸುತ್ತದೆ, ಆದರೂ ಬಹುಪಾಲು ಜನ ಛಾಪಾ ಕಾಗದದ ಮೇಲಿನ ಸಹಿಯನ್ನೇ ನಂಬಿ ಹಣ ಕೊಡುತ್ತಾರೆ. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಕಂತು ನಿಂತುಹೋದರೆ, ಭೋಗ್ಯಕ್ಕೆ ಇದ್ದವರು ಹಣವನ್ನೂ ಕಳೆದುಕೊಂಡು ಮನೆಯನ್ನೂ ಬಿಡಬೇಕಾಗಬಹುದು. ಆದ್ದರಿಂದ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದವನ್ನು, ಮನೆ ಕೊಳ್ಳುವವರಷ್ಟೇ ಎಚ್ಚರದಿಂದ ಭೋಗ್ಯದವರೂ ನೋಡಬೇಕು.

ಪೋರ್ಷನ್ ಮನೆಗಳಲ್ಲಿ ಕೇಳಲೇಬೇಕಾದ ಇನ್ನೊಂದು ವಿಷಯ ವಿದ್ಯುತ್ ಮೀಟರಿನದು. ಎರಡು ಪೋರ್ಷನ್‌ಗಳಿಗೆ ಒಂದೇ ಆರ್.ಆರ್. ನಂಬರ್, ಅಂದರೆ ವಿದ್ಯುತ್ ಬಿಲ್ಲಿನ ಮೇಲಿನ ಸಂಪರ್ಕ ಸಂಖ್ಯೆ, ಇದ್ದರೆ ಇಬ್ಬರ ಬಳಕೆಯೂ ಒಂದೇ ಲೆಕ್ಕಕ್ಕೆ ಸೇರುತ್ತದೆ. 2023ರಲ್ಲಿ ಜಾರಿಗೆ ಬಂದ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಪ್ರತ್ಯೇಕ ಮೀಟರಿದ್ದರೆ ಎರಡು ಸಂಸಾರಗಳೂ ಸುಲಭವಾಗಿ ಅದರೊಳಗೆ ಉಳಿಯಬಲ್ಲವು, ಒಂದೇ ಮೀಟರಿದ್ದರೆ ಇಬ್ಬರೂ ಸೇರಿ ಆ ಮಿತಿಯನ್ನು ದಾಟಬಹುದು. ಜಲಮಂಡಳಿಯ ದರವೂ ಬಳಕೆ ಹೆಚ್ಚಿದಂತೆ ಹಂತ ಹಂತವಾಗಿ ಏರುವುದರಿಂದ ನೀರಿನ ಮೀಟರಿಗೂ ಇದೇ ಮಾತು ಸಲ್ಲುತ್ತದೆ.

ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ಮನೆ

ಜಾಹೀರಾತುಗಳಲ್ಲಿ ಇದಕ್ಕೆ ಪ್ರತ್ಯೇಕ ಹೆಸರೇ ಇಲ್ಲ, ಆದರೂ ರಾಜಾಜಿನಗರ, ವಿಜಯನಗರ, ಶ್ರೀನಗರ, ಹನುಮಂತನಗರಗಳ ಕಡೆ ಮನೆ ಹುಡುಕುವವರಿಗೆ ಇದು ಮತ್ತೆ ಮತ್ತೆ ಸಿಗುತ್ತದೆ. ತಂದೆಯ ಕಾಲದ 30x40 ಅಡಿಯ ನಿವೇಶನವನ್ನು ಮಕ್ಕಳಿಬ್ಬರು ಉದ್ದಕ್ಕೆ ಸೀಳಿಕೊಂಡು ತಲಾ 15x40 ಮಾಡಿಕೊಂಡಿರುತ್ತಾರೆ. ಅದರಲ್ಲೊಂದು ಪಾಲು ಮಾರಾಟಕ್ಕೆ ಬರುತ್ತದೆ. ಒಳ್ಳೆಯ ಬಡಾವಣೆ, ಹತ್ತಿರದಲ್ಲೇ ಮಾರುಕಟ್ಟೆ ಮತ್ತು ಶಾಲೆ, ಇಡೀ ನಿವೇಶನ ಕೊಳ್ಳಲಾಗದವರಿಗೂ ಎಟುಕುವ ಬೆಲೆ ಇರುವುದರಿಂದ ಇಂಥ ಮನೆಗಳು ಬೇಗ ಮಾರಾಟವಾಗುತ್ತವೆ. ನಾಲ್ಕು ಬಗೆಗಳಲ್ಲಿ ಅತಿ ಹೆಚ್ಚು ಪರಿಶೀಲನೆ ಬೇಡುವುದು ಇದೇ ಎಂಬುದು ನನ್ನ ಅನುಭವ.

ಮೊದಲು ಅಳತೆಯನ್ನು ನೋಡೋಣ. 15 ಅಡಿ ಅಗಲದಲ್ಲಿ ಎರಡೂ ಬದಿಗೆ ಒಂಬತ್ತು ಇಂಚಿನ ಗೋಡೆ ಹೋದರೆ ಒಳಗೆ ಉಳಿಯುವುದು ಹದಿಮೂರೂವರೆ ಅಡಿ. ಅದರಲ್ಲಿ ಮೂರು ಅಡಿ ಮೆಟ್ಟಿಲಿಗೆ ಹೋದರೆ ಆ ಭಾಗದಲ್ಲಿ ಹತ್ತು ಅಡಿ ಅಗಲದ ಒಂದೇ ಕೋಣೆ ಸಿಗುತ್ತದೆ. ಮುಂದೆ ಕಾರು ನಿಲ್ಲಿಸಬೇಕೆಂದರೆ, ಚಿಕ್ಕ ಕಾರಿಗೂ ಬಾಗಿಲು ತೆಗೆಯುವ ಜಾಗ ಸೇರಿ ಎಂಟು ಅಡಿಯಾದರೂ ಬೇಕಾಗುವುದರಿಂದ, ಮನೆಯವರು ಓಡಾಡಲು ಇಕ್ಕಟ್ಟಾದ ಓಣಿ ಉಳಿಯುತ್ತದೆ. ಖಾಲಿ ಮನೆಯಲ್ಲಿ ನಿಂತಾಗ ಇದು ಕಾಣುವುದಿಲ್ಲ. ಮಂಚ, ಬೀರು, ಊಟದ ಮೇಜುಗಳ ಅಳತೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ ನೋಡಿದಾಗ ತಿಳಿಯುತ್ತದೆ.

ಎರಡನೆಯದು ಆ ನಡುಗೋಡೆ. ಮನೆಯನ್ನು ಮೊದಲು ಒಂದಾಗಿ ಕಟ್ಟಿ ಆಮೇಲೆ ಭಾಗ ಮಾಡಿದ್ದರೆ, ನಡುವಿನ ಗೋಡೆಗೆ ಬಹುಮಟ್ಟಿಗೆ ಪಾಯವಿರುವುದಿಲ್ಲ; ಇದ್ದ ನೆಲದ ಮೇಲೆಯೇ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನು ಎಬ್ಬಿಸಿರುತ್ತಾರೆ. ಅಂಥ ಗೋಡೆ ಮರೆ ಕೊಡುತ್ತದೆಯೇ ಹೊರತು ಭಾರ ಹೊರುವುದಿಲ್ಲ, ಶಬ್ದವನ್ನೂ ಸರಿಯಾಗಿ ತಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಾರಸಿಯ ಸ್ಲ್ಯಾಬು ಮತ್ತು ತೊಲೆಗಳು ಎರಡೂ ಪಾಲುಗಳ ಮೇಲೆ ಒಂದಾಗಿ ಹರಡಿಕೊಂಡಿರುತ್ತವೆ. ಪಕ್ಕದವರು ನಾಳೆ ತಮ್ಮ ಪಾಲನ್ನು ಕೆಡವಿ ಹೊಸ ಮನೆ ಕಟ್ಟಲು ಬಯಸಿದರೆ ನಿಮ್ಮ ತಾರಸಿಯ ಆಧಾರವೇ ಹೋಗಬಹುದು. ನೀವು ಕೆಡವಲು ಹೋದರೂ ಅಷ್ಟೇ. ಅಂದರೆ ಕಾಗದದಲ್ಲಿ ಎರಡು ಮನೆಗಳಾದರೂ ಕಟ್ಟಡವಾಗಿ ಅದು ಒಂದೇ. ಬೆಲೆ ಕಟ್ಟುವಾಗ ಅದನ್ನು ಹಾಗೆಯೇ ಪರಿಗಣಿಸಬೇಕು.

ಮೂರನೆಯದು ದಾಖಲೆ. ಮನೆಯೊಳಗೆ ಹಿರಿಯರ ಮುಂದೆ ಆದ ಮಾತಿನ ಭಾಗವನ್ನು, ಅಥವಾ ನೋಂದಣಿಯಾಗದ ಪಾಲು ಪಾರೀಕತ್ತನ್ನು (ಭಾಗ ಮಾಡಿಕೊಂಡ ಪತ್ರವನ್ನು) ತೋರಿಸಿ ಮಾರಲು ಬರುವವರಿದ್ದಾರೆ. ನೋಂದಾಯಿತ ವಿಭಾಗ ಪತ್ರ, ಅದರ ಪ್ರಕಾರ ವಿಭಜನೆಯಾದ ಖಾತೆ, ಎರಡು ಪಾಲಿಗೂ ಬೇರೆ ಬೇರೆ ಕಂದಾಯ ರಸೀದಿ ಇರಲೇಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಇದೆಯೇ ಎಂದು ನೋಡಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ ಎಂಬುದನ್ನು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಮದುವೆಯಾಗಿ ದಾವಣಗೆರೆಯಲ್ಲೋ ತುಮಕೂರಿನಲ್ಲೋ ನೆಲೆಸಿರುವ ಅಕ್ಕನ ಸಹಿ ಇಲ್ಲದ ವಿಭಾಗ ಪತ್ರವನ್ನು ನಂಬಿ ಕೊಂಡವರು ನ್ಯಾಯಾಲಯಕ್ಕೆ ಅಲೆದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಸಂಪು, ಕೊಳವೆಬಾವಿ, ಒಳಚರಂಡಿಯ ಛೇಂಬರು, ಹೊರಮೆಟ್ಟಿಲು ಇವು ಯಾರ ಪಾಲಿನ ನೆಲದಲ್ಲಿವೆ, ಇನ್ನೊಬ್ಬರಿಗೆ ಅವುಗಳ ಮೇಲೆ ಎಂಥ ಹಕ್ಕಿದೆ ಎಂಬುದು ವಿಭಾಗ ಪತ್ರದಲ್ಲಿ ಬರೆದಿರಬೇಕು. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ನಡೆದುಬಂದದ್ದು ಹೊರಗಿನವರು ಕೊಂಡ ಮರುದಿನ ನಡೆಯುವುದಿಲ್ಲ.

ಜೋಡಿ ಮನೆ: ಗೋಡೆ ಒಂದೋ ಎರಡೋ

ಒಂದು ಬದಿ ಅಂಟಿಕೊಂಡು ಮೂರು ಬದಿ ಬಿಡಿಯಾಗಿರುವ ಎರಡು ಮನೆಗಳ ಜೋಡಿಯನ್ನು ಕರ್ನಾಟಕ ಗೃಹ ಮಂಡಳಿಯ ಬಡಾವಣೆಗಳಲ್ಲಿ, ಉದಾಹರಣೆಗೆ ಯಲಹಂಕ ಉಪನಗರದಲ್ಲಿ, ಕಾಣಬಹುದು. ಮೊದಲೇ ಎರಡು ಸಂಸಾರಗಳಿಗೆಂದು ಯೋಚಿಸಿ ಕಟ್ಟಿದ್ದರಿಂದ ಅಡುಗೆಮನೆ, ಬಚ್ಚಲು, ಚರಂಡಿ ಎಲ್ಲವೂ ಬೇರೆ ಬೇರೆಯಾಗಿರುತ್ತವೆ. ಮೂರು ಕಡೆಯಿಂದ ಗಾಳಿ ಬೆಳಕು ಬರುತ್ತದೆ. ಪಕ್ಕದಲ್ಲಿ ಹಿತ್ತಿಲಿಗೆ ಹೋಗುವ ದಾರಿ ಉಳಿದಿರುತ್ತದೆ. ಅಂಟಿಕೊಂಡ ಮನೆಗಳಲ್ಲಿ ಯಾವುದು ಉತ್ತಮವೆಂದು ಯಾರಾದರೂ ಕೇಳಿದರೆ ನಾನು ಹಿಂಜರಿಯದೆ ಜೋಡಿ ಮನೆಯನ್ನೇ ಹೇಳುತ್ತೇನೆ. ಆದರೆ ಅದರಲ್ಲೂ ಎರಡು ಬಗೆಗಳಿವೆ.

ಮೊದಲ ಬಗೆಯಲ್ಲಿ ಎರಡೂ ಮನೆಗಳಿಗೆ ಸೇರಿ ಒಂದೇ ಗೋಡೆ, ಗಡಿರೇಖೆ ಅದರ ನಟ್ಟನಡುವೆ ಹಾದುಹೋಗುತ್ತದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ, ಅದನ್ನು ಜಂಟಿ ಗೋಡೆ ಎಂದೋ ಕಾಮನ್ ಗೋಡೆ ಎಂದೋ ಬರೆದಿರುತ್ತಾರೆ. ಇಬ್ಬರ ಒಡೆತನದ ಅಂಥ ಗೋಡೆಯನ್ನು ಒಬ್ಬರೇ ಕೆಡವುವಂತಿಲ್ಲ, ಪಕ್ಕದವರಿಗೆ ಹಾನಿಯಾಗುವಂತೆ ಅದರ ಮೇಲೆ ಹೊಸ ಭಾರ ಹೊರಿಸುವಂತಿಲ್ಲ. ಮೇಲೆ ಮಹಡಿ ಎತ್ತುವ ಆಸೆಯಿರುವವರು ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು. ಗೋಡೆ ಒಂಬತ್ತು ಇಂಚಿನದಾಗಿ ಎರಡೂ ಕಡೆ ಗಾರೆ ಚೆನ್ನಾಗಿದ್ದರೆ ಮಾಮೂಲಿ ಮಾತು ಕೇಳಿಸುವುದಿಲ್ಲ. ಆದರೆ ಸ್ವಿಚ್ ಬೋರ್ಡುಗಳನ್ನೂ ಗೋಡೆಗೂಡುಗಳನ್ನೂ ಎರಡೂ ಮನೆಯವರು ಒಂದೇ ಜಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೊರೆದಿದ್ದರೆ ಅಲ್ಲಿ ಗೋಡೆಯ ದಪ್ಪ ಎರಡು ಇಂಚಿಗೆ ಇಳಿದಿರುತ್ತದೆ, ಪಕ್ಕದ ಮನೆಯ ಟಿ.ವಿ. ವಾರ್ತೆ ನಮ್ಮ ಮನೆಗೂ ಬರುತ್ತದೆ.

ಎರಡನೆಯ ಬಗೆಯಲ್ಲಿ ಇಬ್ಬರಿಗೂ ಅವರವರದೇ ಗೋಡೆ, ನಡುವೆ ಒಂದೆರಡು ಇಂಚಿನ ಸಂದು. ಕಟ್ಟಡದ ದೃಷ್ಟಿಯಿಂದ ಇದು ಮೇಲು. ಒಬ್ಬರು ಕೆಡವಿದರೂ ಇನ್ನೊಬ್ಬರ ಮನೆ ನಿಲ್ಲುತ್ತದೆ, ಶಬ್ದವೂ ಕಡಿಮೆ. ಆದರೆ ಬೆಂಗಳೂರಿನ ಮಳೆಗೆ ಈ ಸಂದು ದೊಡ್ಡ ಶತ್ರು. ಎರಡನೆಯದಾಗಿ ಕಟ್ಟಿದ ಮನೆಯ ಹೊರಮೈಗೆ ಮೇಸ್ತ್ರಿಯ ಕೈ ಹೋಗುವಷ್ಟು ಜಾಗವೇ ಇರುವುದಿಲ್ಲವಾದ್ದರಿಂದ ಆ ಮೈ ಗಾರೆಯಿಲ್ಲದೆ ಬರಿಯ ಇಟ್ಟಿಗೆಯಾಗಿ ಉಳಿಯುತ್ತದೆ. ಮೇ ತಿಂಗಳ ಗುಡುಗು ಮಳೆಯಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ಗಳ ದೊಡ್ಡ ಮಳೆಯಲ್ಲೂ ಮೇಲಿನಿಂದ ಸಂದಿಗೆ ಬಿದ್ದ ನೀರು ಹೊರಗೆ ಹೋಗುವ ದಾರಿಯಿಲ್ಲದೆ ಗೋಡೆಯೊಳಕ್ಕೆ ಇಳಿಯುತ್ತದೆ. ಒಳಗೆ ಎಷ್ಟು ಸಲ ಬಣ್ಣ ಹೊಡೆಸಿದರೂ ಬಿಳಿ ಉಪ್ಪು ಏಳುತ್ತದೆ, ಗಾರೆ ಉದುರುತ್ತದೆ. ನನ್ನ ತಂಗಿಯ ಮನೆಯಲ್ಲಿ ಮೂರು ವರ್ಷ ಒಳಗಿನಿಂದಲೇ ಔಷಧಿ ಬಳಿಸಿ ಹಣ ಕಳೆದ ಮೇಲೆ, ಕೊನೆಗೆ ಎರಡೂ ತಾರಸಿಗಳ ಪ್ಯಾರಾಪೆಟ್ಟಿನ ಮೇಲೆ ಸಂದು ಮುಚ್ಚುವಂತೆ ತಗಡನ್ನು ಬಾಗಿಸಿ ಕೂರಿಸಿದಾಗ ಗೋಡೆ ಒಣಗಿತು. ತಗಡಿನ ವೆಚ್ಚ ಹೆಚ್ಚಲ್ಲ. ಆದರೆ ಅದರ ಅರ್ಧ ಪಕ್ಕದವರ ಪ್ಯಾರಾಪೆಟ್ಟಿನ ಮೇಲೆ ಕೂರಬೇಕಾದ್ದರಿಂದ ಅವರ ಒಪ್ಪಿಗೆ ಸಿಗಲು ಅಷ್ಟು ಕಾಲ ಹಿಡಿಯಿತು. ಜೋಡಿ ಮನೆ ನೋಡಲು ಹೋದವರು ಮೊದಲು ತಾರಸಿಗೆ ಹತ್ತಿ ಈ ಸಂದು ಮುಚ್ಚಿದೆಯೇ ಎಂದು ನೋಡಿ, ಆಮೇಲೆ ಕೆಳಗಿಳಿದು ಅಡುಗೆಮನೆ ನೋಡುವುದು ಒಳ್ಳೆಯದು.

ಪಕ್ಕದ ನಿವೇಶನ ಇನ್ನೂ ಖಾಲಿಯಿದ್ದರೆ ಬೇರೊಂದು ಎಚ್ಚರ ಬೇಕು. ಅವರು ನಾಳೆ ಪಾಯಕ್ಕೆಂದು ನಿಮ್ಮ ಗೋಡೆಯ ಬುಡದಲ್ಲೇ ಆಳವಾಗಿ ಅಗೆದರೆ ನಿಮ್ಮ ಪಾಯದ ಮಣ್ಣು ಸಡಿಲವಾಗಿ ಗೋಡೆ ಬಿರುಕು ಬಿಡಬಹುದು. ಕೆಲಸ ಶುರುವಾಗುವ ಮುನ್ನ ನಿಮ್ಮ ಗೋಡೆಗಳ ಸ್ಥಿತಿಯನ್ನು ದಿನಾಂಕ ಸಮೇತ ಫೋಟೊ ತೆಗೆದು ಅವರಿಗೂ ಒಂದು ಪ್ರತಿ ಕೊಟ್ಟಿರುವುದು ಇಬ್ಬರಿಗೂ ಕ್ಷೇಮ.

ಸಾಲು ಮನೆ

ಎರಡೂ ಬದಿ ಅಂಟಿಕೊಂಡ ಮನೆಗಳ ಸಾಲು ಬೆಂಗಳೂರಿಗೆ ಹೊಸದಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಓಣಿಗಳಲ್ಲಿ, ಇಂದಿಗೂ ಕಬ್ಬನ್‌ಪೇಟೆ, ಕುಂಬಾರಪೇಟೆ, ತರಗುಪೇಟೆಗಳಲ್ಲಿ ನಡೆದು ನೋಡಿದರೆ, ಕಿರಿದಾದ ಮುಖ, ಉದ್ದವಾದ ಒಡಲು, ಎರಡೂ ಕಡೆ ಪರರ ಗೋಡೆ ಇರುವ ಮನೆಗಳೇ ಕಾಣುತ್ತವೆ. ಆ ಹಳಬರು ನಡುವೆ ತೊಟ್ಟಿಯನ್ನೋ ಬೆಳಕಿಂಡಿಯನ್ನೋ ಬಿಟ್ಟು ಗಾಳಿ ತಂದುಕೊಳ್ಳುತ್ತಿದ್ದರು. ಆಮೇಲೆ ಗಿರಣಿ ಮತ್ತು ಕಾರ್ಖಾನೆಗಳ ಕೆಲಸಗಾರರಿಗೆಂದು ಎದ್ದ ಲೈನ್ ಮನೆಗಳಲ್ಲಿ ಆ ತೊಟ್ಟಿ ಮಾಯವಾಯಿತು. ಈಗಿನ ರೋ ಹೌಸ್‌ಗಳಲ್ಲಿ ಅದು ಹಣ ಹೆಚ್ಚು ಕೊಟ್ಟವರಿಗೆ ಮಾತ್ರ ಸ್ಕೈಲೈಟ್ ಎಂಬ ಹೆಸರಿನಲ್ಲಿ ಮರಳಿದೆ.

ಸಾಲಿನ ನಡುವಿನ ಮನೆಗೆ ಹೊರಗಾಳಿ ತಾಗುವುದು ಎದುರು ಮತ್ತು ಹಿಂದೆ ಎರಡೇ ಕಡೆ. ಇದರಿಂದ ಲಾಭವೂ ಇದೆ. ಬಿಸಿಲಿಗೆ ಕಾಯುವ ಗೋಡೆಗಳು ಕಡಿಮೆಯಾದ್ದರಿಂದ ಮಾರ್ಚ್, ಏಪ್ರಿಲ್‌ಗಳಲ್ಲಿ ಒಳಗೆ ತುಸು ತಂಪಿರುತ್ತದೆ, ಹೊರಗೋಡೆಗೆ ಬಣ್ಣ ಬಳಿಸುವ ವೆಚ್ಚವೂ ಇಳಿಯುತ್ತದೆ. ನಷ್ಟವೆಂದರೆ ನಡುಮನೆಗೆ ಹಗಲಿನಲ್ಲೂ ದೀಪ ಬೇಕು. ಇಲ್ಲಿ ದಿಕ್ಕಿನ ವಿಷಯ ಬರುತ್ತದೆ, ಮತ್ತು ಇದನ್ನು ವಾಸ್ತುವಿನ ಹೊರಗೆ ನಿಂತು ನೋಡುವವರು ಕಡಿಮೆ. ಬೆಂಗಳೂರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ. ಆದ್ದರಿಂದ ಮುಂಬಾಗಿಲು ಪೂರ್ವಕ್ಕೂ ಹಿಂಬಾಗಿಲು ಪಶ್ಚಿಮಕ್ಕೂ ಇರುವ ಸಾಲು ಮನೆಯಲ್ಲಿ ಎರಡೂ ಬಾಗಿಲು ತೆರೆದರೆ ವರ್ಷದ ಬಹುಪಾಲು ಗಾಳಿ ಆರಪಾರು ಹರಿಯುತ್ತದೆ, ಆದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ನೇರವಾಗಿ ಒಳಗೆ ಬೀಳುತ್ತದೆ. ಉತ್ತರ ದಕ್ಷಿಣಕ್ಕೆ ತೆರೆದ ಸಾಲಿನಲ್ಲಿ ಕಾಯುವ ಪೂರ್ವ ಪಶ್ಚಿಮ ಗೋಡೆಗಳು ನೆರೆಯವರ ಮರೆಯಲ್ಲಿರುವುದರಿಂದ ತಂಪು ಹೆಚ್ಚು, ಗಾಳಿ ಕಡಿಮೆ. ಈ ಊರಿನಲ್ಲಿ ತೇವ ಮತ್ತು ಬೂಷ್ಟಿನ ತೊಂದರೆ ಸೆಕೆಯ ತೊಂದರೆಗಿಂತ ಹೆಚ್ಚು ದಿನ ಕಾಡುವುದರಿಂದ ಗಾಳಿಯಿರುವುದನ್ನೇ ಆರಿಸಿಕೊಂಡು ಪಶ್ಚಿಮದ ಕಿಟಕಿಗೆ ಉದ್ದವಾದ ಸಜ್ಜೆ ಹಾಕಿಸುವುದು ನನ್ನ ಸಲಹೆ. ಹಿಂದಿನ ಸಾಲಿನ ಮನೆಗಳು ನಿಮ್ಮ ಹಿತ್ತಿಲಗೋಡೆಗೇ ಬೆನ್ನು ಹಚ್ಚಿ ನಿಂತಿದ್ದರೆ ಮಾತ್ರ ಈ ಲೆಕ್ಕವೆಲ್ಲ ವ್ಯರ್ಥ. ಆಗ ಅದು ಮೂರು ಕಡೆ ಮುಚ್ಚಿದ ಮನೆ, ಅದನ್ನು ಬಿಟ್ಟುಬಿಡುವುದೇ ಒಳಿತು.

ಹಳೆಯ ಲೈನ್ ಮನೆಗಳಲ್ಲಿ ಮಂಗಳೂರು ಹೆಂಚು ಅಥವಾ ಶೀಟಿನ ಮಾಡು ಸಾಲಿಗೆಲ್ಲ ಒಂದೇ ಆಗಿದ್ದು, ನಡುಗೋಡೆಗಳು ಮಾಡಿನ ತನಕ ಹೋಗದೆ ಕೆಳಗೇ ನಿಂತಿರುತ್ತವೆ. ಆ ಸಂದಿಯಲ್ಲಿ ಮಾತು, ಒಗ್ಗರಣೆಯ ಘಾಟು, ಹೆಗ್ಗಣ, ಬೆಂಕಿ ಬಿದ್ದರೆ ಹೊಗೆ ಎಲ್ಲವೂ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟುತ್ತವೆ. ಸೀಲಿಂಗ್ ಹಾಕಿದ್ದರೆ ಅದರ ಒಂದು ಹಲಗೆ ತೆಗೆಸಿ ಇಣುಕಿ ನೋಡಬೇಕು.

ಒಳಚರಂಡಿಯ ಬಗ್ಗೆ ಒಂದು ಮಾತು. ಸಾಲು ಮನೆಗಳ ಕೊಳಚೆ ಸಾಮಾನ್ಯವಾಗಿ ಹಿತ್ತಿಲಿನ ಒಂದೇ ಕೊಳವೆಯಲ್ಲಿ ಇಳಿಜಾರಿನ ಕಡೆ ಹರಿದು ರಸ್ತೆಯ ಮ್ಯಾನ್‌ಹೋಲಿಗೆ ಸೇರುತ್ತದೆ. ಮ್ಯಾನ್‌ಹೋಲಿನ ಕಡೆ ಕಟ್ಟಿಕೊಂಡರೆ ಮೊದಲು ಉಕ್ಕುವುದು ತಗ್ಗಿನ ತುದಿಯ ಮನೆಯ ಬಚ್ಚಲಿನಲ್ಲಿ. ಕೊನೆಯ ಮನೆಗೆ ಮೂರನೆಯ ಬದಿಯ ಗಾಳಿ ಬೆಳಕು ಸಿಗುತ್ತದೆಂದು ಹೆಚ್ಚು ಬೆಲೆ ಹೇಳುತ್ತಾರೆ, ಅದು ನ್ಯಾಯವೇ. ಆದರೆ ಆ ಕೊನೆ ಏರಿನ ಕಡೆಯದೋ ತಗ್ಗಿನ ಕಡೆಯದೋ ಎಂದು ನೋಡಿಕೊಂಡೇ ಆ ಹೆಚ್ಚುವರಿಯನ್ನು ಕೊಡಬೇಕು.

ಗೇಟು ಹಾಕಿದ ಬಡಾವಣೆಯ ರೋ ಹೌಸ್ ಮತ್ತು ವಿಲ್ಲಾಮೆಂಟ್

ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಕನಕಪುರ ರಸ್ತೆ, ದೇವನಹಳ್ಳಿಯ ಕಡೆ ಸಿಗುವ ರೋ ಹೌಸ್‌ಗಳಲ್ಲಿ ಕಟ್ಟಡದ ಪ್ರಶ್ನೆಗಳಿಗಿಂತ ನೆಲದ ಪ್ರಶ್ನೆ ದೊಡ್ಡದು. ಕೆಲವು ಬಡಾವಣೆಗಳಲ್ಲಿ ನಿಮ್ಮ ಮನೆಯ ಕೆಳಗಿನ ಇಂತಿಷ್ಟು ಚದರ ಅಡಿ ನೆಲವನ್ನು ಚಕ್ಕುಬಂದಿ ಸಹಿತ ನಿಮ್ಮ ಹೆಸರಿಗೆ ಕ್ರಯ ಮಾಡಿಕೊಡುತ್ತಾರೆ. ಬೇರೆ ಕೆಲವುಗಳಲ್ಲಿ ಇಡೀ ಜಮೀನಿನ ಅವಿಭಜಿತ ಪಾಲನ್ನು, ಅಂದರೆ ಇಂಥದೇ ಜಾಗವೆಂದು ಗುರುತಿಸದ ಪಾಲನ್ನು, ಮಾತ್ರ ಕೊಡುತ್ತಾರೆ. ನೋಡಲು ಮನೆಯಾದರೂ ಹಕ್ಕಿನಲ್ಲಿ ಅದು ಅಪಾರ್ಟ್‌ಮೆಂಟೇ. ಮಹಡಿ ಮಹಡಿಯಾಗಿ ಜೋಡಿಸಿದ ಡ್ಯೂಪ್ಲೆಕ್ಸ್‌ಗಳಿಗೆ ವಿಲ್ಲಾಮೆಂಟ್ ಎಂಬ ಹೆಸರಿಟ್ಟು ಮಾರುವಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಮುಂದೊಂದು ದಿನ ಮನೆ ಕೆಡವಿ ಬೇರೆ ಕಟ್ಟಿಕೊಳ್ಳುವ, ಅಥವಾ ಮಕ್ಕಳಿಗಾಗಿ ಮೇಲೊಂದು ಕೋಣೆ ಎತ್ತುವ ಯೋಚನೆಯಿದ್ದರೆ ಅವಿಭಜಿತ ಪಾಲಿನ ಮನೆ ನಿಮಗಲ್ಲ.

ಇನ್ನೊಂದು ವಿಷಯ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿಯ ನೋಂದಣಿ. 2016ರ ಆ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೂ, ಎಂಟು ಘಟಕಗಳನ್ನು ಮೀರದ ಯೋಜನೆಗಳಿಗೂ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ಸುಮಾರು 5,380 ಚದರ ಅಡಿ. 40x60ರ ಎರಡು ನಿವೇಶನ ಸೇರಿಸಿದರೂ 4,800 ಚದರ ಅಡಿಯೇ ಆಗುತ್ತದೆ. ಹೀಗಾಗಿ ಅಂಥ ಎರಡು ನಿವೇಶನಗಳನ್ನು ಕೂಡಿಸಿ ಆರು ಸಾಲು ಮನೆ ಕಟ್ಟಿ ಮಾರುವ ಚಿಕ್ಕ ಬಿಲ್ಡರುಗಳು ನೋಂದಾಯಿಸದಿದ್ದರೆ ಅದು ತಪ್ಪಲ್ಲ. ಆದರೆ ನಕ್ಷೆ ಮಂಜೂರಾತಿ, ಹಕ್ಕುಪತ್ರಗಳ ಸರಣಿ, ಗೋಡೆ ಚರಂಡಿಗಳ ಗುಣಮಟ್ಟ ಎಲ್ಲವನ್ನೂ ಕೊಳ್ಳುವವರೇ ವಕೀಲರಿಂದಲೂ ಇಂಜಿನಿಯರರಿಂದಲೂ ನೋಡಿಸಿಕೊಳ್ಳಬೇಕಾಗುತ್ತದೆ. ನೋಂದಾಯಿತ ಯೋಜನೆಯಲ್ಲಾದರೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಣಿಸಿಕೊಂಡ ಕಟ್ಟಡದ ದೋಷಗಳನ್ನು ಬಿಲ್ಡರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕೆಂದು ರೇರಾ ಪ್ರಾಧಿಕಾರಕ್ಕೆ ದೂರು ಕೊಡುವ ದಾರಿ ನೇರವಾಗಿರುತ್ತದೆ.

ತಿಂಗಳ ನಿರ್ವಹಣಾ ಶುಲ್ಕವನ್ನು ಎಲ್ಲರೂ ವಿಚಾರಿಸುತ್ತಾರೆ. ಅದರೊಂದಿಗೆ ನೀರು ಕಾವೇರಿಯದೋ ಟ್ಯಾಂಕರಿನದೋ ಎಂದು ಕೇಳಿ, ಬೇಸಿಗೆಯ ಒಂದು ತಿಂಗಳಿನ ಬಿಲ್ಲನ್ನು ಅಲ್ಲಿರುವವರಿಂದ ಪಡೆದು ನೋಡಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೊರವಲಯದ ಬಡಾವಣೆಗಳು ಪಟ್ಟ ಪಾಡು ಮರೆಯುವಂಥದ್ದಲ್ಲ.

ಮಹಡಿಗೊಂದು ಮನೆ

ಒಂದೇ ನಿವೇಶನದಲ್ಲಿ ನೆಲಮನೆ ಒಬ್ಬರಿಗೆ, ಮೊದಲ ಮಹಡಿ ಇನ್ನೊಬ್ಬರಿಗೆ ಎಂದು ಮಾರುವುದು ಈಚೆಗೆ ಹೆಚ್ಚಿದೆ. ಇಲ್ಲಿ ಹಂಚಿಕೆಯಾಗುವುದು ಪಕ್ಕದ ಗೋಡೆಯ ಬದಲು ತಲೆಯ ಮೇಲಿನ ಸ್ಲ್ಯಾಬು. ಐದಾರು ಇಂಚಿನ ಕಾಂಕ್ರೀಟು ಮಾತನ್ನು ತಡೆಯುತ್ತದೆ, ಆದರೆ ಹೆಜ್ಜೆಯ ಸದ್ದು, ಕುರ್ಚಿ ಎಳೆಯುವುದು, ನೆಲದ ಮೇಲೆ ಕಾಯಿ ಕುಟ್ಟುವುದು ಕಾಂಕ್ರೀಟಿನ ಮೂಲಕವೇ ಇಳಿದು ಬರುತ್ತವೆ. ಪಕ್ಕದ ಗೋಡೆಯ ಶಬ್ದಕ್ಕಿಂತ ಇದು ಹೆಚ್ಚು ಕಿರಿಕಿರಿಯದು. ಮೇಲಿನವರ ಬಚ್ಚಲು ನಿಮ್ಮ ದೇವರಮನೆ ಅಥವಾ ಅಡುಗೆಮನೆಯ ಮೇಲೆ ಬಂದಿದ್ದರೆ ಸೋರಿಕೆಯ ಜಗಳ ಇಂದಲ್ಲ ನಾಳೆ ಬಂದೇ ಬರುತ್ತದೆ. ತಾರಸಿಯ ಹಕ್ಕನ್ನು ಕೊನೆಯ ಮಹಡಿಯವರಿಗೆ ಪೂರ್ತಿ ಬರೆದುಕೊಟ್ಟಿದ್ದಾರೆಯೇ, ಎಲ್ಲರಿಗೂ ಸಮನಾಗಿದೆಯೇ, ಅಥವಾ ಬಿಲ್ಡರೇ ಇಟ್ಟುಕೊಂಡಿದ್ದಾರೆಯೇ ಎಂಬುದನ್ನು ಪತ್ರದಲ್ಲಿ ಓದಿಯೇ ತಿಳಿಯಬೇಕು. ನೀರಿನ ಟ್ಯಾಂಕು, ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್, ಹಪ್ಪಳ ಸಂಡಿಗೆಯ ಒಣಹಾಕುವಿಕೆ ಎಲ್ಲವೂ ಆ ಒಂದು ವಾಕ್ಯದ ಮೇಲೆ ನಿಂತಿರುತ್ತವೆ. 30x40ರ ನಿವೇಶನದಲ್ಲಿ ಎತ್ತಿದ ಮಹಡಿಗಳ ಸಂಖ್ಯೆ ಮಂಜೂರಾದ ನಕ್ಷೆಗೆ ಹೊಂದುತ್ತದೆಯೇ ಎಂದು ನೋಡದೆ ಮುಂಗಡ ಕೊಡಬಾರದು, ಏಕೆಂದರೆ ನಕ್ಷೆ ಮೀರಿದ ಮಹಡಿಯನ್ನು ಕೊಂಡವರಿಗೆ ಸಾಲ, ಖಾತೆ, ಮರುಮಾರಾಟ ಮೂರರಲ್ಲೂ ತೊಡಕು.

ನೋಡಲು ಹೋಗುವ ಹೊತ್ತು

ಅಂಟಿಕೊಂಡ ಮನೆಯನ್ನು ಭಾನುವಾರ ಬೆಳಗ್ಗೆ ಒಮ್ಮೆ ನೋಡಿ ತೀರ್ಮಾನಿಸಬೇಡಿ. ರಾತ್ರಿ ಎಂಟರ ಹೊತ್ತಿಗೆ ಹೋಗಿ ಮಲಗುವ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ, ಶಬ್ದದ ವಿಷಯ ಅಷ್ಟರಲ್ಲಿ ತಿಳಿಯುತ್ತದೆ. ದೊಡ್ಡ ಮಳೆ ಬಂದ ಮರುದಿನ ಹೋಗಿ ಹಂಚಿಕೊಂಡ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಹೊಸದಾಗಿ ಒಂದೇ ಗೋಡೆಗೆ ಬಣ್ಣ ಹೊಡೆಸಿದ್ದರೆ, ಅಥವಾ ಆ ಗೋಡೆಗೆ ಮಾತ್ರ ಪ್ಲೈವುಡ್ ಹೊದಿಸಿದ್ದರೆ, ಕಾರಣ ಕೇಳಿ. ಬೆಳಗಿನ ನೀರು ಬಿಡುವ ದಿನ ಸಂಪು ತುಂಬುವುದನ್ನು ನೋಡುವುದೂ ಉಪಯೋಗಕ್ಕೆ ಬರುತ್ತದೆ.

ಇದೆಲ್ಲಕ್ಕಿಂತ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ, ಈ ಮನೆ ಕೊಳ್ಳಬೇಕೆಂದಿದ್ದೇವೆ ಎಂದು ಹೇಳಿ ಪರಿಚಯ ಮಾಡಿಕೊಳ್ಳಿ. ಗೋಡೆ, ಸಂದು, ಚರಂಡಿಗಳ ಬಗ್ಗೆ ಹಿಂದಿನವರೊಂದಿಗೆ ಏನಾದರೂ ವ್ಯಾಜ್ಯವಿತ್ತೇ ಎಂದು ಕೇಳಿದರೆ ಹೆಚ್ಚಿನವರು ಉಳ್ಳದ್ದನ್ನು ಹೇಳುತ್ತಾರೆ. ಅವರು ಒಪ್ಪಿದರೆ ಗೋಡೆ ಜಂಟಿಯದೋ ಬೇರೆಯದೋ, ದುರಸ್ತಿಯ ಖರ್ಚು ಹೇಗೆ ಹಂಚಿಕೆಯಾಗಬೇಕು, ದುರಸ್ತಿಗೆಂದು ಒಬ್ಬರ ತಾರಸಿಗೆ ಇನ್ನೊಬ್ಬರು ಹತ್ತಬಹುದೇ ಎಂಬ ಮೂರು ವಿಷಯಗಳನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಿ. ಕ್ರಯಪತ್ರ ಬರೆಸುವಾಗ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಮನೆ’ ಎಂದಷ್ಟೇ ಬಿಡದೆ ‘ಪೂರ್ವಕ್ಕೆ ಇಂಥವರ ಮನೆ ಮತ್ತು ಒಂಬತ್ತು ಇಂಚಿನ ಜಂಟಿ ಗೋಡೆ’ ಎಂದೋ, ‘ಸ್ವಂತ ಗೋಡೆ ಹಾಗೂ ಅದರಾಚೆ ಇಂಥವರ ಮನೆ’ ಎಂದೋ ಇದ್ದದ್ದನ್ನು ಇದ್ದಂತೆ ಬರೆಯುವಂತೆ ಪತ್ರ ಬರೆಯುವವರಿಗೆ ಹೇಳಿ.